ಕಣ್ಣಿಗೆ ಬೀಳದ ಜೀವಿಯ ಹಕ್ಕು

ಬೆಕ್ಕನ್ನು ಕಟ್ಟಿಹಾಕಿದ ಸ್ತ್ರೀಯ ವೃತ್ತಾಂತ ನಿಮಗೆ ತಿಳಿದೇ ಇದೆ. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಗ್ರಂಥಗಳಲ್ಲಿ ಅದು ವರದಿಯಾಗಿದೆ. ಆಕೆ ಬೆಕ್ಕಿಗೆ ಆಹಾರ ಕೊಡಲಿಲ್ಲ. ನೆಲದ ಹುಳಹುಪ್ಪಟೆ ತಿಂದು ಬದುಕಲು ಬಿಡಲೂ ಇಲ್ಲ. ಅದಕ್ಕಾಗಿ ಆಕೆ ನರಕಾಗ್ನಿಗೆ ಗುರಿಯಾದಳೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಸಾಕಿದ ಪ್ರಾಣಿಗೆ ಅನ್ನ ನೀರು ಕೊಡಬೇಕೆಂಬ ಮೊದಲರ್ಧವನ್ನು ನಾವು ಪ್ರವಚನಗಳಲ್ಲಿ ಕೇಳುತ್ತಿರುತ್ತೇವೆ. ಎರಡನೆಯ ಅರ್ಧದ ಮುಂದೆ ಸ್ವಲ್ಪ ನಿಲ್ಲಿರಿ. ಬೆಕ್ಕಿನ ಅನ್ನವನ್ನು ಅಲ್ಲಾಹನು ಭೂಮಿಯ ಮೇಲೆಯೇ ಇಟ್ಟಿದ್ದಾನೆ. ನೀವು ಕೊಡದಿದ್ದರೂ ಸರಿ, ಅದಕ್ಕೆ ಅಡ್ಡಬರಬೇಡಿ ಎಂಬುದು ಅದರ ಅರ್ಥವಲ್ಲವೇ? ಹಾಗಾದರೆ ಈ ಮಾತು ನಿಮ್ಮ ಮನೆಯ ಬೆಕ್ಕಿಗಿಂತಲೂ, ನೀವು ಎಂದೂ ಕಾಣದ ಬೆಕ್ಕಿಗೆ ಹೆಚ್ಚು ಅನ್ವಯಿಸುತ್ತದೆ.

ಅಂಥ ಬೆಕ್ಕು ಎಲ್ಲಿದೆ ಎನ್ನುತ್ತೀರಾ? ಮಾನ್ವಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಪೋತ್ನಾಳದ ಆಸುಪಾಸಿನ ಭತ್ತದ ಗದ್ದೆಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಲ್ಲಿ ಭತ್ತ ಬಂತು, ಭತ್ತದ ಹಿಂದೆ ಇಲಿ ಹೆಗ್ಗಣ ಬಂದವು. ಇಂಥ ಗದ್ದೆ, ಜೊಂಡು, ಕಾಲುವೆ ದಂಡೆಗಳೇ ಉದ್ದ ಕಾಲಿನ, ಮಣ್ಣು ಬಣ್ಣದ ಕಾಡುಬೆಕ್ಕಿಗೆ ಪ್ರಿಯ. ಅದಕ್ಕಿಂತ ಬಹಳ ಚಿಕ್ಕದು, ಬಹಳ ಅಪರೂಪದ್ದು ಇನ್ನೊಂದಿದೆ: ತುಕ್ಕು ಬಣ್ಣದ ಚುಕ್ಕೆಗಳ ಬೆಕ್ಕು. ಜಗತ್ತಿನ ಅತಿ ಚಿಕ್ಕ ಬೆಕ್ಕುಗಳಲ್ಲಿ ಒಂದಾದ ಇದರ ತೂಕ ಒಂದೂವರೆ ಕಿಲೋ ದಾಟುವುದು ಕಡಿಮೆ. ಭಾರತ, ಶ್ರೀಲಂಕಾ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. 1831ರಲ್ಲೇ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟರು. ಕರ್ನಾಟಕದ ಕುರುಚಲು ಕಾಡು, ಬಂಡೆಗುಡ್ಡ, ಹೊಲದಂಚುಗಳಲ್ಲಿ ರಾತ್ರಿ ಓಡಾಡುವ ಇದನ್ನು ಹೆಚ್ಚಿನವರು ಕಂಡರೂ ಮನೆಬೆಕ್ಕಿನ ಮರಿಯೆಂದು ಮುಂದೆ ಹೋಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯಂತೆ ಇದೂ ಮೊದಲನೇ ಪಟ್ಟಿಯಲ್ಲಿದೆ.

ಈಗ ಪ್ರಶ್ನೆಗೆ ಬರೋಣ. ಇಲಿಯನ್ನು ಕೊಲ್ಲಲು ಅನುಮತಿಯಿದೆ. ಇಹ್ರಾಮ್‌ನಲ್ಲಿರುವವನೂ ಕೊಲ್ಲಬಹುದಾದ ಜೀವಿಗಳಲ್ಲಿ ಇಲಿಯೂ ಒಂದು. ಬೆಳೆ ಉಳಿಸಿಕೊಳ್ಳುವ ರೈತನನ್ನು ದೂಷಿಸುವಂತಿಲ್ಲ. ಆದರೆ ಬ್ರೊಮಾಡಯೋಲೋನ್‌ನಂತಹ ವಿಷ ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ಕೆಲವು ದಿನ ತೂರಾಡುತ್ತಾ ತಿರುಗುತ್ತದೆ, ಸುಲಭವಾಗಿ ಬೇಟೆಯಾಗುತ್ತದೆ. ಅದರ ಯಕೃತ್ತಿನಲ್ಲಿ ಕೂತ ವಿಷ ತಿಂದ ಬೆಕ್ಕಿಗೂ ಗೂಬೆಗೂ ಇಳಿಯುತ್ತದೆ. ಅಂದರೆ ಹದೀಸಿನ ಆ ಸ್ತ್ರೀ ಬೆಕ್ಕನ್ನು ಕಟ್ಟಿಹಾಕಿದಳು. ನಾವು ಬೆಕ್ಕನ್ನು ಬಿಟ್ಟು ಅದರ ಅನ್ನಕ್ಕೇ ವಿಷ ಬೆರೆಸಿದೆವು.

"ನನ್ನ ಉದ್ದೇಶ ಅದಾಗಿರಲಿಲ್ಲ" ಎಂದು ನೀವು ಹೇಳಬಹುದು. ಕರ್ಮಗಳು ಉದ್ದೇಶಗಳನ್ನು ಅವಲಂಬಿಸಿವೆ ಎಂಬುದು ನಿಜ. ಆದರೆ ಪರಿಣಾಮ ತಿಳಿಯುವ ಮುನ್ನ ಹೇಳುವ ಈ ಮಾತಿಗೂ, ತಿಳಿದ ಮೇಲೆ ಹೇಳುವ ಇದೇ ಮಾತಿಗೂ ವ್ಯತ್ಯಾಸವಿದೆ. ಎರಡನೆಯದು ನೆಪ. ಇರುವೆಯೊಂದು ಕಚ್ಚಿತೆಂದು ಇಡೀ ಗೂಡನ್ನೇ ಸುಟ್ಟ ಪ್ರವಾದಿಯೊಬ್ಬರಿಗೆ, ಅಲ್ಲಾಹನನ್ನು ಸ್ತುತಿಸುವ ಒಂದು ಸಮುದಾಯವನ್ನೇ ನಾಶಮಾಡಿದಿರಾ ಎಂಬ ಎಚ್ಚರಿಕೆ ಬಂದುದಾಗಿ ಹದೀಸಿನಲ್ಲಿದೆ. ಅಲ್ಲಿ ಆಕ್ಷೇಪ ಕಚ್ಚಿದ ಇರುವೆಯ ಕುರಿತಲ್ಲ, ಉಳಿದವುಗಳ ಕುರಿತು. ಕೊಯ್ಲಾದ ಮೇಲೆ ಹುಲ್ಲಿಗೆ ನಾಲ್ಕೂ ಕಡೆಯಿಂದ ಬೆಂಕಿ ಕೊಡುವವರು ಇದನ್ನು ಓದಿದ್ದಾರೆಯೇ?

ಇನ್ನು ಕೆಲವರು, ಎಲ್ಲವನ್ನೂ ಅಲ್ಲಾಹನು ಮನುಷ್ಯನಿಗಾಗಿಯೇ ಸೃಷ್ಟಿಸಿದ್ದಾನೆ, ಒಂದು ಬೆಕ್ಕಿನ ಜಾತಿ ಅಳಿದರೆ ಯಾರಿಗೆ ನಷ್ಟ ಎನ್ನುತ್ತಾರೆ. ಅದೇ ಕುರ್‌ಆನ್ ಭೂಮಿಯ ಪ್ರಾಣಿಗಳನ್ನೂ ಹಾರುವ ಪಕ್ಷಿಗಳನ್ನೂ ನಮ್ಮಂತೆಯೇ ಇರುವ ಸಮುದಾಯಗಳೆಂದು ಕರೆದಿದೆ (ಅನ್‌ಆಮ್: 38). ಸಮುದಾಯವೊಂದು ನನಗೆ ಉಪಯೋಗಕ್ಕೆ ಬರುತ್ತದೆಯೇ ಎಂದು ಕೇಳಿ ಅದರ ಬದುಕುವ ಹಕ್ಕನ್ನು ನಿರ್ಧರಿಸುವುದು ಎಂಥ ನ್ಯಾಯ?

ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ದಕ್ಷಿಣ ಅಮೆರಿಕದ ಚಿಲಿ ದೇಶದ ಕಾಡುಗಳಲ್ಲಿ ಗುಯಿನ್ಯಾ ಎಂಬ ಬೆಕ್ಕಿದೆ. ಅಮೆರಿಕ ಖಂಡಗಳಲ್ಲೇ ಅತಿ ಚಿಕ್ಕದು. ಕಾಡು ತುಂಡುತುಂಡಾದಂತೆ ಅದು ಹೊಲಗಳತ್ತ ಬಂತು, ಕೋಳಿಗೂಡಿಗೆ ನುಗ್ಗಿತು, ರೈತರು ಕೊಂದರು. ಕೋಳಿ ಕಳೆದುಕೊಂಡ ಬಡವನ ಸಂಕಟ ಸುಳ್ಳಲ್ಲ. ಆದರೆ ಗೂಡಿಗೊಂದು ಗಟ್ಟಿ ಮುಚ್ಚಿಗೆ ಹಾಕುವುದು ಬೆಕ್ಕನ್ನು ಬೆನ್ನಟ್ಟುವುದಕ್ಕಿಂತ ಸುಲಭ.

ಹಾಗೆಯೇ ಗದ್ದೆಯಲ್ಲೂ ವಿಷಕ್ಕೆ ಮೊದಲು ಬೋನಿಡಬಹುದು, ಬದುವಿನ ಬಿಲ ಅಗೆದು ಮುಚ್ಚಬಹುದು, ಸತ್ತ ಇಲಿಗಳನ್ನು ಹೆಕ್ಕಿ ಹೂಳಬಹುದು. ಕೊಯ್ಲಿನ ವೇಳೆ ಬದುವಿನಲ್ಲೋ ಕಬ್ಬಿನಲ್ಲೋ ಚುಕ್ಕೆಯ ಮರಿಗಳು ಸಿಕ್ಕರೆ ಚಿರತೆಯೆಂದು ಬೆದರಬೇಡಿ, ಮುದ್ದೆಂದು ಮನೆಗೂ ತರಬೇಡಿ. ಅಲ್ಲೇ ಬಿಟ್ಟು, ನಾಯಿಗಳನ್ನು ದೂರವಿಟ್ಟು, ಅರಣ್ಯ ಇಲಾಖೆಗೆ ತಿಳಿಸಿರಿ. ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಕಚ್ಚಿಕೊಂಡು ಹೋಗುತ್ತದೆ.