ಇಂದಿನ ಧಮ್ಮ ಚಿಂತನೆ: ತಡೆಯುವವರೇ ನಿಜ ಸಂಗಾತಿ



ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್' ನಾಟಕದಲ್ಲಿ ಸ್ಕಾಟ್ಲೆಂಡಿನ ದೊರೆ ಡಂಕನ್ ತನ್ನ ಸೇನಾನಿ ಮ್ಯಾಕ್‌ಬೆತ್‌ನ ಮನೆಗೆ ಅತಿಥಿಯಾಗಿ ಬರುತ್ತಾನೆ. ಸಿಂಹಾಸನದ ಆಸೆಗೆ ಅವನನ್ನು ಕೊಲ್ಲಲು ಯೋಚಿಸಿದ್ದ ಮ್ಯಾಕ್‌ಬೆತ್, ಆ ರಾತ್ರಿ ಮನಸ್ಸು ಬದಲಿಸಿ 'ಇದು ಬೇಡ' ಎಂದು ಹೆಂಡತಿಗೆ ಹೇಳುತ್ತಾನೆ. ಇಬ್ಬರೂ ಉಳಿದುಕೊಳ್ಳಬಹುದಾಗಿದ್ದ ಗಳಿಗೆ ಅದು. ಆದರೆ ಆಕೆ ಅವನ ಪ್ರೀತಿಯನ್ನೇ ಪ್ರಶ್ನಿಸುತ್ತಾಳೆ, ಗಂಡಸುತನವನ್ನು ಹಂಗಿಸುತ್ತಾಳೆ. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂಬುದು ಹತ್ತಿರದವರಿಗೇ ಗೊತ್ತಲ್ಲವೇ? ಕೊಲೆ ನಡೆದುಹೋಗುತ್ತದೆ.

ತಪ್ಪು ಹೆಂಡತಿಯದೊಂದೇ ಎನ್ನಬೇಡಿ. ತೃಷ್ಣೆ ಅವನೊಳಗೆ ಮೊದಲೇ ಇತ್ತು. ಮುಂದೆ ಗೆಳೆಯ ಬ್ಯಾಂಕೋನನ್ನು ಕೊಲ್ಲಿಸುವಾಗ ಅವನು ಆಕೆಗೆ ಹೇಳುವುದೂ ಇಲ್ಲ. ಸಿಂಹಾಸನ ಸಿಕ್ಕಿತು, ಸಂಸಾರ ಉಳಿಯಲಿಲ್ಲ. ಆಕೆ ನಿದ್ದೆಯಲ್ಲಿ ನಡೆಯುತ್ತಾ, ಕೈಯಲ್ಲಿ ಇಲ್ಲದ ರಕ್ತದ ಕಲೆಯನ್ನು ಉಜ್ಜುತ್ತಾಳೆ.

ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು, ಕೆಟ್ಟ ಕೆಲಸಕ್ಕೂ ಹೂಂಗುಟ್ಟುವವನು ಮಿತ್ರನ ವೇಷದ ಶತ್ರು, ಅದರಿಂದ ತಡೆಯುವವನೇ ನಿಜ ಮಿತ್ರ ಎಂದು ತಿಳಿಸಿದರು. 1942ರ ನಾಗಪುರದ ಮಹಿಳಾ ಸಮ್ಮೇಳನದಲ್ಲಿ ಬಾಬಾಸಾಹೇಬರು, ಹೆಂಡತಿ ಗಂಡನ ದಾಸಿಯಲ್ಲ, ಗೆಳತಿ ಮತ್ತು ಸಮಾನಳು ಎಂದರು. ಈ ಎರಡನ್ನೂ ಜೊತೆಗಿಟ್ಟು ನೋಡಿ. ಸಮಾನರಿಗೆ 'ಬೇಡ' ಎನ್ನುವ ಹಕ್ಕೂ ಇದೆ, ಹೊಣೆಯೂ ಇದೆ.

'ಎಲ್ಲರೂ ಲಂಚ ತಗೋತಾರೆ, ನಿಮಗೇನು ಕಷ್ಟ?' 'ತವರಿನಿಂದ ದುಡ್ಡು ತಂದರೆ ಏನಾಯ್ತು?' 'ಪ್ರೀತಿ ಇದ್ದಿದ್ದರೆ ಮಾಡ್ತಿದ್ದೆ.' ಇಂಥ ಮಾತು ನಮ್ಮ ಮನೆಯಲ್ಲೂ ಕೇಳಿಬರುತ್ತಿದೆಯೇ? ಇಂದು ಸಂಗಾತಿ 'ಇದು ಬೇಡ' ಎಂದರೆ, ಹಂಗಿಸದೆ ಒಂದು ಗಳಿಗೆ ಕಿವಿಗೊಡೋಣ.

ನಮೋ ಬುದ್ಧಾಯ. ಜೈ ಭೀಮ್.