ತೇಲುವ ಊರಿಗೆ ಲಂಗರು ಯಾವುದು?

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡಿನ ಕಡಲತಡಿಯಲ್ಲಿ ಒಂದೇ ಮಾತು: ಈ ಸಲ ಕಡಲ್ಕೊರೆತ ಎಲ್ಲಿಯವರೆಗೆ ಬಂದೀತು? ಕಲ್ಲು ತಂದು ಸುರಿಯುತ್ತಾರೆ, ಕಡಲು ಅದನ್ನೂ ನುಂಗುತ್ತದೆ. ದಡದ ತೆಂಗಿನ ಮರಗಳು ಒಂದೊಂದಾಗಿ ಬೀಳುತ್ತವೆ. ಆದಿತ್ಯವಾರ ಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತು ಇದನ್ನೇ ಮಾತಾಡುತ್ತಿರುವಾಗ ನಮ್ಮ ಯುವಕರಲ್ಲಿ ಯಾರಾದರೂ ಹೇಳುವುದುಂಟು: "ಕಡಲಿಗೆ ಕಲ್ಲು ಹಾಕಿದ್ದು ಸಾಕು. ಈಗ ಕಡಲ ಮೇಲೆಯೇ ಊರು ಕಟ್ಟುತ್ತಾರಂತೆ, ಅಲ್ಲಿಗೇ ಹೋಗುವ." ಎಲ್ಲರೂ ನಗುತ್ತೇವೆ.

ಆದರೆ ನಕ್ಕು ಮರೆಯುವ ಮಾತಲ್ಲ ಅದು. ಸಮುದ್ರದ ಮೇಲೆ ತೇಲುವ ನಗರ ಕಟ್ಟಬೇಕೆಂದು ಹಣ ಮತ್ತು ನಕ್ಷೆ ಹಿಡಿದು ಹೊರಟವರು ಇಂದು ಜಗತ್ತಿನಲ್ಲಿ ಹಲವರಿದ್ದಾರೆ. 2019ರಲ್ಲಿ ವಿಶ್ವಸಂಸ್ಥೆಯ ವಸತಿ ವಿಭಾಗವೇ ಈ ವಿಷಯಕ್ಕೆಂದು ಸಭೆ ಸೇರಿಸಿತು. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಬಂದರಿನಲ್ಲಿ 12,000 ಜನ ವಾಸಿಸಬಹುದಾದ ತೇಲುವ ಬಡಾವಣೆಯ ನಕ್ಷೆ ಹೊರಬಂತು. ಆದ್ದರಿಂದ ನಾವು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳೋಣ. ಇಂಥ ಊರು ಕಟ್ಟಲು ಸಾಧ್ಯವೇ? ಸಾಧ್ಯವಾದರೆ, ಕಟ್ಟುವುದು ಒಳ್ಳೆಯದೇ?

ಮೊದಲ ಪ್ರಶ್ನೆಗೆ ಉತ್ತರ ನಾವು ಎಣಿಸಿದ್ದಕ್ಕಿಂತ ಸುಲಭ. ಕಾಂಕ್ರೀಟು ನೀರಿಗಿಂತ ಎರಡು ಪಟ್ಟಿಗೂ ಮಿಕ್ಕಿ ಭಾರ. ಆದರೂ ಅದನ್ನು ಟೊಳ್ಳು ಪೆಟ್ಟಿಗೆಯಾಗಿ ಎರಕ ಹೊಯ್ದರೆ ಹಡಗಿನಂತೆ ತೇಲುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಪೆಟ್ಟಿಗೆಯೊಂದನ್ನು ಊಹಿಸಿಕೊಳ್ಳಿ. ಎಲ್ಲ ಕಡೆ 20 ಸೆಂಟಿಮೀಟರ್ ದಪ್ಪದ ಗೋಡೆ. ಅದರ ತೂಕ ಸುಮಾರು 145 ಟನ್. ಕಡಲಿಗೆ ಇಳಿಸಿದರೆ ಅದು 1.4 ಮೀಟರ್ ಮುಳುಗಿ ನಿಲ್ಲುತ್ತದೆ, ಉಳಿದ 1.6 ಮೀಟರ್ ನೀರಿನ ಮೇಲಿರುತ್ತದೆ. ಸಣ್ಣ ಮನೆಯೊಂದರ ಭಾರವನ್ನು ಅದು ಹೊರಬಲ್ಲದು. ಅಂಥ ನೂರು ಪೆಟ್ಟಿಗೆಗಳನ್ನು ಜೋಡಿಸಿದರೆ ಒಂದು ಕೇರಿ ಆಯಿತು.

ಈ ಲೆಕ್ಕ ಕಾಗದದಲ್ಲೇ ಉಳಿದಿಲ್ಲ. ಅಮೆರಿಕದ ಸಿಯಾಟಲ್ ನಗರದ ಸರೋವರದ ಮೇಲೆ 2016ರಲ್ಲಿ ತೆರೆದ ಹೆದ್ದಾರಿ ಸೇತುವೆ ಇಂಥ ಕಾಂಕ್ರೀಟು ಪೆಟ್ಟಿಗೆಗಳ ಮೇಲೆ ಎರಡು ಕಿಲೋಮೀಟರಿಗೂ ಹೆಚ್ಚು ದೂರ ತೇಲುತ್ತಾ ನಿಂತಿದೆ. ಜಪಾನಿನವರು 1999ರಲ್ಲಿ ಟೋಕಿಯೊ ಕೊಲ್ಲಿಯಲ್ಲಿ ಒಂದು ಕಿಲೋಮೀಟರ್ ಉದ್ದದ ಉಕ್ಕಿನ ರನ್‌ವೇಯನ್ನು ತೇಲಿಸಿದರು. ಅದರ ಮೇಲೆ ಸಣ್ಣ ವಿಮಾನಗಳನ್ನು ಇಳಿಸಿ ಪರೀಕ್ಷೆಯನ್ನೂ ಮಾಡಿದರು.

ಕಷ್ಟ ಶುರುವಾಗುವುದು ತೇಲಿದ್ದನ್ನು ತೇಲುತ್ತಾ ಉಳಿಸಿಕೊಳ್ಳುವಲ್ಲಿ. ಸಿಯಾಟಲ್‌ನಲ್ಲಿಯೇ 1940ರಲ್ಲಿ ಕಟ್ಟಿದ್ದ ಹಳೆಯ ತೇಲುಸೇತುವೆ 1990ರ ನವೆಂಬರಿನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ಬಿರುಗಾಳಿಗೆ ಸಿಕ್ಕಿ ಮುಳುಗಿತು. ಪೆಟ್ಟಿಗೆಗಳೊಳಗೆ ನೀರು ಸೇರಿತ್ತು. ನೈಜೀರಿಯದ ಲಾಗೋಸಿನಲ್ಲಿ ಮಕೋಕೊ ಎಂಬ ಬಡ ಬೆಸ್ತರ ಕೇರಿ ಇದೆ. ಮನೆಗಳೆಲ್ಲ ನೀರಿನಲ್ಲಿ ಕಂಬದ ಮೇಲೆ. ಅಲ್ಲಿನ ಮಕ್ಕಳಿಗಾಗಿ 2013ರಲ್ಲಿ ಪ್ಲಾಸ್ಟಿಕ್ ಪೀಪಾಯಿಗಳ ಮೇಲೆ ತೇಲುವ ಶಾಲೆಯೊಂದನ್ನು ಕಟ್ಟಿದರು. ಲೋಕವೆಲ್ಲ ಅದನ್ನು ಹೊಗಳಿತು. 2016ರ ಜೂನಿನಲ್ಲಿ ಮಳೆಗಾಳಿಗೆ ಅದು ಕುಸಿದು ಬಿತ್ತು. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ಊರೋಸ್ ಜನ ತಲೆಮಾರುಗಳಿಂದ ಜೊಂಡುಹುಲ್ಲಿನ ತೇಲುದ್ವೀಪಗಳ ಮೇಲೆ ಬದುಕುತ್ತಿದ್ದಾರೆ. ಅವರ ಗುಟ್ಟು ಸರಳವಾದದ್ದು. ಹುಲ್ಲು ಕೆಳಗಿನಿಂದ ಕೊಳೆಯುತ್ತಾ ಹೋಗುತ್ತದೆ, ಅವರು ಮೇಲಿನಿಂದ ಹೊಸ ಹುಲ್ಲು ಹಾಸುತ್ತಾ ಇರುತ್ತಾರೆ. ಹಾಸುವುದು ನಿಂತರೆ ಊರು ಮುಗಿಯಿತು. ನೆಲದ ಮೇಲಿನ ಮನೆಯನ್ನು ಒಂದೆರಡು ವರ್ಷ ಮರೆತರೂ ಮಣ್ಣು ಹೊತ್ತುಕೊಂಡಿರುತ್ತದೆ. ನೀರು ಹಾಗೆ ಹೊರುವುದಿಲ್ಲ.

ಇನ್ನೊಂದು ಸಂಗತಿ ಗಮನಿಸಬೇಕು. 'ಸಾಗರದ ಮೇಲೆ ನಗರ' ಎಂದು ಹೇಳಿದರೂ ನಕ್ಷೆಗಳು ತೋರಿಸುವ ಜಾಗ ನಡುಗಡಲಲ್ಲ. ಬುಸಾನಿನದು ಬಂದರಿನೊಳಗೆ. ಮಾಲ್ದೀವ್ಸ್ 2021ರಲ್ಲಿ ಘೋಷಿಸಿದ 5,000 ಮನೆಗಳ ತೇಲುನಗರ ರಾಜಧಾನಿ ಮಾಲೆಯ ಹತ್ತಿರ, ಹವಳದ ದಿಬ್ಬಗಳು ಅಲೆ ತಡೆಯುವ ಶಾಂತ ನೀರಿನಲ್ಲಿ. ತೆರೆದ ಸಾಗರದ ಅಲೆಗೆ ತಡೆಯುವಂತೆ ಕಟ್ಟಬೇಕಾದರೆ ತೈಲ ತೆಗೆಯುವ ವೇದಿಕೆಗಳಷ್ಟು ಖರ್ಚು ಬೀಳುತ್ತದೆ. ಅಷ್ಟು ಖರ್ಚಿನಲ್ಲಿ ಸಾಮಾನ್ಯರ ಮನೆ ಆಗುವುದಿಲ್ಲ. ಎಂದಮೇಲೆ ತೇಲುವ ಊರಿಗೂ ಯಾವುದಾದರೊಂದು ದಡದ ಆಸರೆ ಬೇಕು. ಇಲ್ಲಿಂದಲೇ ನಮ್ಮ ಎರಡನೆಯ ಪ್ರಶ್ನೆ ಹುಟ್ಟುತ್ತದೆ.

ಕಡಲ ಮೇಲೆ ಊರು ಬೇಕೆನ್ನುವವರಲ್ಲಿ ಎರಡು ಬಗೆಯವರಿದ್ದಾರೆ. ಮೊದಲ ಬಗೆಯವರು ದಡದಿಂದ ಬಿಡುಗಡೆ ಬಯಸುವವರು. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸೀಸ್ಟೆಡಿಂಗ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಆರಂಭವಾಯಿತು. ದೊಡ್ಡ ಹಣವಂತರೊಬ್ಬರು ಅದಕ್ಕೆ ಬೆಂಬಲ ಕೊಟ್ಟರು. ಯಾವ ಸರಕಾರದ ಹಿಡಿತವೂ ಇಲ್ಲದ ಕಡಲಿನಲ್ಲಿ ತಮಗೆ ಬೇಕಾದ ಕಾನೂನಿನ ಊರುಗಳನ್ನು ಕಟ್ಟಬೇಕು. ಒಪ್ಪಿಗೆಯಾಗದವನು ತನ್ನ ಮನೆಯನ್ನೇ ಬಿಚ್ಚಿಕೊಂಡು ಇನ್ನೊಂದು ಊರಿಗೆ ತೇಲಿ ಹೋಗಬಹುದು ಎಂಬುದು ಅವರ ಕಲ್ಪನೆ.

ಕಾನೂನು ಇದಕ್ಕೆ ಅಷ್ಟು ಸುಲಭವಾಗಿ ದಾರಿ ಬಿಡುವುದಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಮನುಷ್ಯ ಕಟ್ಟಿದ ದ್ವೀಪಕ್ಕೆ ನಿಜವಾದ ದ್ವೀಪದ ಸ್ಥಾನವಿಲ್ಲ. ದಡದಿಂದ 200 ನಾಟಿಕಲ್ ಮೈಲಿನವರೆಗೆ ಅಂಥ ಕಟ್ಟಡಗಳ ಮೇಲೆ ಆ ಕರಾವಳಿಯ ದೇಶಕ್ಕೇ ಅಧಿಕಾರ. ಅದರಾಚೆಯ ಕಡಲನ್ನು ತನ್ನದೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. 2019ರಲ್ಲಿ ಥಾಯ್ಲೆಂಡಿನ ಫುಕೆಟ್ ತೀರದಾಚೆ 12 ನಾಟಿಕಲ್ ಮೈಲಿನ ಗೆರೆ ದಾಟಿದ್ದೇವೆಂದು ಹೇಳಿಕೊಂಡು ಒಂದು ಜೋಡಿ ಕಡಲಮನೆಯೊಂದರಲ್ಲಿ ವಾಸ ಹೂಡಿತ್ತು. ಥಾಯ್ ನೌಕಾಪಡೆ ಆ ಮನೆಯನ್ನೇ ತೆರವು ಮಾಡಿತು. ಸೀಸ್ಟೆಡಿಂಗಿನವರೂ ಕೊನೆಗೆ 2017ರಲ್ಲಿ ಫ್ರೆಂಚ್ ಪಾಲಿನೇಷ್ಯಾದ ಸರಕಾರದೊಂದಿಗೆ ಒಡಂಬಡಿಕೆ ಮಾಡಿಕೊಂಡು ಅಲ್ಲಿನ ಶಾಂತ ನೀರನ್ನು ಕೇಳಬೇಕಾಯಿತು. ಊರಿನ ಜನ ವಿರೋಧಿಸಿದರು. ಮರುವರ್ಷ ಆ ಯೋಜನೆ ಬಿದ್ದುಹೋಯಿತು. ಸರಕಾರವೇ ಬೇಡವೆಂದು ಹೊರಟವರಿಗೂ ಒಂದು ಸರಕಾರದ ಬಾಗಿಲು ತಟ್ಟದೆ ಗತಿಯಿರಲಿಲ್ಲ.

ಎರಡನೆಯ ಬಗೆಯವರು ದಡವನ್ನು ಕಳೆದುಕೊಳ್ಳುತ್ತಿರುವವರು. ಮಾಲ್ದೀವ್ಸಿನ ಹೆಚ್ಚಿನ ದ್ವೀಪಗಳು ಸಮುದ್ರ ಮಟ್ಟದಿಂದ ಒಂದು ಮೀಟರ್ ಎತ್ತರವೂ ಇಲ್ಲ. ಪೆಸಿಫಿಕ್ ಸಾಗರದ ಕಿರಿಬಾಟಿ ಎಂಬ ಸಣ್ಣ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಮ್ಮಂತೆಯೇ ಕಥೋಲಿಕರು. ಅಲ್ಲಿನ ಅಧ್ಯಕ್ಷರಾಗಿದ್ದ ಅನೋಟೆ ಟಾಂಗ್ 2011ರಲ್ಲಿ ತೇಲುವ ದ್ವೀಪಗಳ ಬಗ್ಗೆ ಯೋಚಿಸುತ್ತಿರುವುದಾಗಿ ಹೇಳಿದ್ದರು. ಅದರ ಖರ್ಚು ಅವರ ದೇಶಕ್ಕೆ ಎಟಕುವಂಥದ್ದಾಗಿರಲಿಲ್ಲ. 2014ರಲ್ಲಿ ಅವರ ಸರಕಾರ ನೆರೆಯ ಫಿಜಿ ದೇಶದಲ್ಲಿ ಸುಮಾರು 20 ಚದರ ಕಿಲೋಮೀಟರ್ ಭೂಮಿ ಖರೀದಿಸಿತು. ನಾಳೆ ಬೇಕಾದೀತು ಎಂಬ ಮುಂದಾಲೋಚನೆ ಅದರ ಹಿಂದಿತ್ತು. ಈ ಜನರಿಗೆ ತೇಲುವ ಊರು ಬೇಕಾಗಿರುವುದು ತಪ್ಪಿಸಿಕೊಳ್ಳಲಿಕ್ಕಲ್ಲ, ಜೊತೆಯಾಗಿ ಉಳಿಯಲಿಕ್ಕೆ. ತಮ್ಮ ಭಾಷೆ, ತಮ್ಮ ಹಿರಿಯರ ಸಮಾಧಿ, ತಮ್ಮ ಇಗರ್ಜಿಯ ಗಂಟೆ ಕೇಳುವಷ್ಟು ಹತ್ತಿರದಲ್ಲಿ ಇರಬೇಕೆಂಬ ಆಸೆ ಅದು.

ಒಂದೇ ಪೆಟ್ಟಿಗೆ, ಒಂದೇ ಲೆಕ್ಕ, ಆದರೆ ಆಸೆ ಎರಡು. ಹಾಗಾದರೆ ಮೊದಲನೆಯವರನ್ನು ನಾವು ದೂಷಿಸಬೇಕೇ? ಊರು ಬಿಟ್ಟು ಹೋಗುವುದು ಪಾಪವೇನಲ್ಲ. ನಮ್ಮಲ್ಲಿ ಗಲ್ಫಿಗೋ ಮುಂಬಯಿಗೋ ಹೋಗದವರಿರುವ ಮನೆ ಎಷ್ಟಿದೆ? ಆದರೆ ಹೋದವರು ಹಗ್ಗ ಕಡಿದುಕೊಂಡು ಹೋಗಲಿಲ್ಲ. ತಂಗಿಯ ಮದುವೆಗೆ, ಅಪ್ಪನ ಔಷಧಿಗೆ, ಇಗರ್ಜಿಯ ಮಾಡಿಗೆ ಅವರ ಹಣ ಬಂತು. ಸಾವಿಗೆ ಅವರೇ ಬಂದರು. ಹೋಗುವುದಕ್ಕೂ ಕಳಚಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಅದು.

ಗಡಿಯವರಾದ ನಮಗೆ ಇದರಲ್ಲಿ ಇನ್ನೂ ಒಂದು ಅನುಭವವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಹಿರಿಯರ ಮನೆ, ಬಾವಿ, ಗದ್ದೆ ಒಂದೂ ಕದಲಲಿಲ್ಲ. ಆದರೂ ಅವರಿದ್ದ ರಾಜ್ಯ ಬೇರೆಯಾಯಿತು. ಕಚೇರಿಗೆ ಯಾವ ಭಾಷೆಯಲ್ಲಿ ಅರ್ಜಿ ಬರೆಯುವುದು, ಮಕ್ಕಳನ್ನು ಯಾವ ಶಾಲೆಗೆ ಹಾಕುವುದು ಎಂಬ ಚಿಂತೆ ಬಂತು. ಊರು ಎಂದರೆ ಕಾಲಡಿಯ ನೆಲ ಮಾತ್ರವಲ್ಲ, ನಮ್ಮ ಮಾತು ಕೇಳುವವರು ಯಾರು, ನಾವು ಯಾರಿಗೆ ಬಾಧ್ಯರು ಎಂಬುದೂ ಊರೇ ಎಂದು ನಾವು ಕಲಿತದ್ದು ಹಾಗೆ. ಆಗ ನಮ್ಮವರಿಗೂ ಮನೆ ಬಿಚ್ಚಿಕೊಂಡು ತೇಲಿ ಹೋಗುವ ಅನುಕೂಲವಿದ್ದಿದ್ದರೆ? ಗಟ್ಟಿಗರು ಹೋಗುತ್ತಿದ್ದರು. ಮುದುಕರು, ರೋಗಿಗಳು, ಸಾಲ ತೀರದವರು ಉಳಿಯುತ್ತಿದ್ದರು. ಹೋಗಲಾಗದ್ದರಿಂದ ನಾವು ಕೊಂಕಣಿ, ಮಲಯಾಳ, ತುಳು ಮಾತಾಡುವ ನೆರೆಯವರೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಬದುಕಲು ಕಲಿತೆವು. ಜಗಳವಾಗಿದೆ, ಮುನಿಸಾಗಿದೆ, ಮದುವೆಯೂ ಆಗಿದೆ. ನೆರೆಯವನನ್ನು ಆರಿಸಿಕೊಳ್ಳಲಾಗದ ಜಾಗದಲ್ಲಿಯೇ ನೆರೆಹೊರೆ ಎಂಬುದು ಹುಟ್ಟುತ್ತದೆ.

ಕಡಲ ನಡುವಿನ ಊರಿಗೆ ಈ ನೆರೆ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಘಟನೆ ಸಾಕು. 2014ರ ಡಿಸೆಂಬರಿನಲ್ಲಿ ಮಾಲೆ ನಗರದ, ಕಡಲ ನೀರನ್ನು ಸಿಹಿನೀರು ಮಾಡುವ ಘಟಕಕ್ಕೆ ಬೆಂಕಿ ಬಿತ್ತು. ಸುಮಾರು ಒಂದು ಲಕ್ಷ ಜನಕ್ಕೆ ಕುಡಿಯುವ ನೀರಿಲ್ಲದಾಯಿತು. ಸುತ್ತಲೂ ನೀರೇ ನೀರು, ಕುಡಿಯಲು ಹನಿಯಿಲ್ಲ. ಆಗ ನಮ್ಮ ದೇಶ ವಾಯುಪಡೆಯ ವಿಮಾನಗಳಲ್ಲಿ, ನೌಕಾಪಡೆಯ ಹಡಗುಗಳಲ್ಲಿ ನೀರು ಕಳಿಸಿತು. ಯಾರಿಗೂ ಬಾಧ್ಯರಲ್ಲದ ಊರೊಂದಕ್ಕೆ ಅಂಥ ದಿನ ಬಂದರೆ ನೀರು ಎಲ್ಲಿಂದ ಬಂದೀತು?

ನೋವನ ನಾವೆಯ ಕಥೆ ನಮಗೆಲ್ಲ ಗೊತ್ತು. ನಾವೆ ಕಟ್ಟಿದ್ದು ತಪ್ಪಲ್ಲ, ಅದು ಜೀವ ಉಳಿಸಿತು. ಆದರೆ ಒಳಗಿದ್ದವರು ಅದನ್ನೇ ಮನೆ ಮಾಡಿಕೊಳ್ಳಲಿಲ್ಲ. ಕಿಟಕಿ ತೆರೆದು ಪಾರಿವಾಳ ಬಿಟ್ಟು ನೆಲ ಎಲ್ಲಿದೆ ಎಂದು ನೋಡುತ್ತಲೇ ಇದ್ದರು.

ಹಾಗಾಗಿ ಮುಂದೆ ಯಾವ ತೇಲುವ ಊರಿನ ಸುದ್ದಿ ಬಂದರೂ ನಾವು ಮೂರು ಪ್ರಶ್ನೆ ಕೇಳೋಣ. ಒಂದು, ಅಲ್ಲಿ ಯಾರಿಗೆ ಜಾಗ? ಮುಳುಗುವವರಿಗೋ, ಕೊಳ್ಳಬಲ್ಲವರಿಗೋ? ಎರಡು, ಅದರ ಹಗ್ಗ ಎಲ್ಲಿ ಕಟ್ಟಿದೆ? ಯಾವ ಕಾನೂನಿಗೆ, ಯಾವ ತೆರಿಗೆಗೆ, ಯಾವ ನ್ಯಾಯಾಲಯಕ್ಕೆ ಅದು ಉತ್ತರ ಕೊಡುತ್ತದೆ? ಮೂರು, ಆ ನೀರು ಮೊದಲು ಯಾರದಾಗಿತ್ತು? ದಡದಿಂದ ನೋಡುವವರಿಗೆ ಕಡಲು ಖಾಲಿಯಾಗಿ ಕಾಣಬಹುದು. ಬಲೆ ಬೀಸುವವನಿಗೆ ಅದು ಹೊಲ.

ನಮ್ಮ ತೀರದ ಮೊಗವೀರರನ್ನು ಕೇಳಿದರೆ ತಿಳಿಯುತ್ತದೆ. ದಡದಿಂದ 50 ಮೀಟರ್ ಒಳಗಿರುವ ಕುಟುಂಬಗಳು ಬೇರೆಡೆಗೆ ಹೋಗಿ ಮನೆ ಕಟ್ಟಿಕೊಳ್ಳಲು ಕೇರಳ ಸರಕಾರದ 'ಪುನರ್ಗೇಹಂ' ಯೋಜನೆಯಲ್ಲಿ 10 ಲಕ್ಷ ರೂಪಾಯಿ ಕೊಡುತ್ತಾರೆ. ಅಷ್ಟು ಹಣಕ್ಕೆ ಜಾಗ ಎಲ್ಲಿ ಸಿಗುತ್ತದೆ, ಸಿಕ್ಕಿದರೂ ದೋಣಿಯನ್ನು ಯಾರ ಸುಪರ್ದಿಗೆ ಬಿಟ್ಟು ಹೋಗುವುದು ಎಂಬುದು ಅಲ್ಲಿನವರ ಚಿಂತೆ. ಅವರಿಗಾಗಿ ಯಾರೂ ತೇಲುವ ನಗರದ ನಕ್ಷೆ ಬರೆದಿಲ್ಲ. 1901ರಿಂದ ಇತ್ತೀಚೆಗೆ ಸಮುದ್ರ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಏರುತ್ತಲೂ ಇದೆ. ಆ ಏರಿಕೆಗೆ ಅವರು ಹಾಕಿದ ಪಾಲು ತೀರಾ ಕಡಿಮೆ.

ಆದ್ದರಿಂದ ಇಗರ್ಜಿಯ ಅಂಗಳದಲ್ಲಿ ಮುಂದಿನ ಸಲ ಆ ತಮಾಷೆಯ ಮಾತು ಬಂದಾಗ ನಗೋಣ, ನಕ್ಕ ಮೇಲೆ ಒಂದು ಮಾತನ್ನೂ ಸೇರಿಸೋಣ. ಕಡಲ ಮೇಲೆ ಊರು ಕಟ್ಟಬಹುದು, ಲೆಕ್ಕ ಸರಿಯಾಗಿದೆ. ದಡದಲ್ಲಿ ಮನೆ ಕಳೆದುಕೊಂಡವನಿಗೆ ಇವತ್ತು ರಾತ್ರಿ ಮಲಗಲು ನಮ್ಮ ಸಭಾಭವನದ ಬಾಗಿಲು ತೆರೆದಿದೆಯೇ? ಅದರ ಬೀಗದ ಕೈ ಯಾರಲ್ಲಿದೆ ಎಂದು ಈ ಮಳೆಗಾಲ ಶುರುವಾಗುವ ಮೊದಲೇ ಕೇಳಿ ಇಟ್ಟುಕೊಳ್ಳೋಣ.