ಹತ್ತಿರದ ಓದು, ದೂರದ ಓದು

ನಮ್ಮ ಕೇರಿಯ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: 'ಅಣ್ಣಾ, ಬಿ.ಎಡ್. ತಾಲ್ಲೂಕಲ್ಲೇ ಮಾಡ್ಲಾ? ಶಿಕ್ಷಣಶಾಸ್ತ್ರ ಓದೋಕೆ ಪರದೇಶಕ್ಕೆ ಅರ್ಜಿ ಹಾಕ್ಲಾ?' ಅವಳ ಅವ್ವ ಕೂಲಿಗೆ ಹೋಗುತ್ತಾಳೆ. ತಾಲ್ಲೂಕಾದರೆ ಸಂಜೆಗೆ ಮನೆ ಸೇರಬಹುದು. ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

'ಟೀಚರಮ್ಮ ಆಗೋಕೆ ಅಷ್ಟು ದೂರ ಯಾಕವ್ವಾ?' ಅನ್ನುವವರೇ ಬಹಳ. ಗೌಡರ ಮಕ್ಕಳಿಗೆ ಈ ಮಾತು ಹೇಳಿದ್ದನ್ನು ನಾವು ಕೇಳಿಲ್ಲ. ಹತ್ತಿರ ಅನ್ನೋದು ನಮಗೆ ಬರೀ ಅಳತೆಯಲ್ಲ, ಬೇಲಿ. ಹಾಗಂತ ಹತ್ತಿರದ ಓದು ಕೀಳೇ? ಸಾವಿತ್ರಿಬಾಯಿ ಫುಲೆ ಕಲಿತದ್ದು ಅಹಮದ್‌ನಗರ, ಪುಣೆಯಲ್ಲಿ. 1848ರಲ್ಲಿ ಪುಣೆಯಲ್ಲೇ ಶಾಲೆ ತೆರೆದರು. ಸೆಗಣಿ ಎರಚಿದವರೂ ಹತ್ತಿರದವರೇ.

ಬಾಬಾಸಾಹೇಬರು 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದರು. 1916ರಲ್ಲಿ ಅಲ್ಲೇ ಭಾರತದ ಜಾತಿಗಳ ಕುರಿತು ಪ್ರಬಂಧ ಓದಿದರು. ಮರುವರ್ಷ ಬರೋಡಾಕ್ಕೆ ಬಂದರೆ, ಜಾತಿ ಮರೆಸಿ ತಂಗಿದ್ದ ಪಾರ್ಸಿ ಛತ್ರದಿಂದಲೂ ಹೊರಗಟ್ಟಿದರು. ಪರದೇಶದ ಪದವಿ ಊರನ್ನು ತಿದ್ದಲಿಲ್ಲ. ಆದರೆ ಊರನ್ನು ಕಾಣುವ ಕಣ್ಣು ದೂರದಲ್ಲಿ ಹರಿತವಾಯಿತು. ಆ ಕಣ್ಣಿಗೇ ಈಗ ಹೆದರಿಕೆ. ದಲಿತರನ್ನು ಹೊರದೇಶಕ್ಕೆ ಕಳಿಸುವ ರಾಷ್ಟ್ರೀಯ ವಿದ್ಯಾರ್ಥಿವೇತನದಿಂದ 2022ರಲ್ಲಿ ಭಾರತದ ಸಂಸ್ಕೃತಿ, ಚರಿತ್ರೆ, ಸಮಾಜ ಕುರಿತ ವಿಷಯಗಳನ್ನು ತೆಗೆದುಹಾಕಿದರು. ಹೋಗು, ನಿನ್ನ ಕೇರಿ ಬಗ್ಗೆ ಮಾತ್ರ ಓದಬೇಡ!

ಊರಿನ ಋಣ ಅಂತಾರೆ. ಕೆರೆ ನೀರು ಮುಟ್ಟಗೊಡದ ಊರಿಗೆ ಅವಳದೆಂಥ ಋಣ? ಅವ್ವನ ಋಣವಿದೆ, ನಿಜ. ಅವ್ವ ಅದರ ಲೆಕ್ಕ ಇಟ್ಟಿಲ್ಲ. 'ಹೋಗ್ಲಿ ಬಿಡಿ' ಅಂದವಳು ಅವಳೊಬ್ಬಳೇ.

ಅರ್ಜಿ ತುಂಬಲು ಕೂತೆವು. ಓದುವ ವಿಷಯ ಎಂಬಲ್ಲಿ ಹುಡುಗಿ 'ನಮ್ಮ ಕೇರಿಯ ಶಾಲೆ' ಎಂದು ಬರೆದು, ಪೆನ್ನು ಎತ್ತಿ ಹಿಡಿದು ಕೇಳಿದಳು: 'ಹೊಡೆದು ಹಾಕ್ಲಾ ಅಣ್ಣಾ?'

ಬೇಡ ಅಂದೆವು.